ಮಾದಕದ್ರವ್ಯ ಸಂಶೋಧನೆಯಲ್ಲಿ ಅಂತರ್ಜಾಲ ಸಮೀಕ್ಷೆಯ ಪ್ರಾಮಾಣ್ಯ: ಒಂದು ವಿವೇಚನೆ

೧

ಮಾದಾಪುರದ ಕಚೇರಿಗಳಲ್ಲಿ ದುಡಿಯುವವರಿಗೆ ಪ್ರಶ್ನಾವಳಿಗಳು ಹೊಸವಲ್ಲ. ಊಟದ ಬಿಡುವಿನಲ್ಲಿಯೋ ಮೆಟ್ರೋ ರೈಲಿನ ದಾರಿಯಲ್ಲಿಯೋ ಕೈಯಲ್ಲಿರುವ ದೂರವಾಣಿಗೆ ಒಂದು ಕೊಂಡಿ ಬಂದು ಸೇರುತ್ತದೆ. ನಿದ್ರೆ, ಆಹಾರ, ಮನಸ್ಸಿನ ನೆಮ್ಮದಿ ಮೊದಲಾದವನ್ನು ಕುರಿತ ಹತ್ತಿಪ್ಪತ್ತು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬ ಕೋರಿಕೆ ಅದರಲ್ಲಿರುತ್ತದೆ. ಇವುಗಳ ನಡುವೆ ಇನ್ನೊಂದು ಬಗೆಯ ಪ್ರಶ್ನೆಯೂ ಬರುವುದುಂಟು: ಕಳೆದ ಹನ್ನೆರಡು ತಿಂಗಳುಗಳಲ್ಲಿ ನೀವು ಮದ್ಯವನ್ನು ಸೇವಿಸಿದ್ದೀರಾ? ಗಾಂಜಾವನ್ನು? ಬೇರೆ ಯಾವುದಾದರೂ ಮಾದಕದ್ರವ್ಯವನ್ನು? ಹೀಗೆ ಬಂದ ಉತ್ತರಗಳನ್ನು ಕೂಡಿಸಿ ಭಾಗಿಸಿ ‘ಶೇಕಡಾ ಇಷ್ಟು’ ಎಂದು ಪ್ರಕಟಿಸಿದೊಡನೆ ಅದು ಪತ್ರಿಕೆಯ ತಲೆಬರಹವಾಗುತ್ತದೆ. ತಲೆಬರಹವು ಒಂದು ಬಡಾವಣೆಯ ಹೆಸರಿಗೋ ಒಂದು ವೃತ್ತಿಯ ಹೆಸರಿಗೋ ಅಂಟಿಕೊಳ್ಳುತ್ತದೆ. ಚಿಕಿತ್ಸಾಲಯವನ್ನು ಎಲ್ಲಿ ತೆರೆಯಬೇಕು, ಪೋಲೀಸರನ್ನು ಎಲ್ಲಿಗೆ ಕಳುಹಿಸಬೇಕು, ಯಾವ ಊರಿನ ಹುಡುಗನಿಗೆ ಮನೆ ಬಾಡಿಗೆಗೆ ಕೊಡಬಾರದು ಎಂಬ ನಿರ್ಣಯಗಳು ಕೂಡ ಕೆಲವೊಮ್ಮೆ ಅದನ್ನು ಅನುಸರಿಸಿ ಹುಟ್ಟುತ್ತವೆ.

ಆದುದರಿಂದ ಇಂಥ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಸಂಖ್ಯಾಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ. ಊರನ್ನು ಬಿಟ್ಟು ಬಂದು ಪರಪ್ರಾಂತದಲ್ಲಿ ನೆಲೆಸಿರುವ ನಮ್ಮಂಥವರಿಗೆ ಅದು ಹೆಚ್ಚು ಹತ್ತಿರದ್ದು. ಏಕೆಂದರೆ ಹೊರಗಿನಿಂದ ಬಂದವನ ಮೇಲೆ ಅಂಕಿಯ ಆಪಾದನೆ ಬೇಗ ನಿಲ್ಲುತ್ತದೆ. ಅಂತರ್ಜಾಲದ ಸಮೀಕ್ಷೆಗಳೆಲ್ಲ ಹುಸಿ ಎಂದು ತಳ್ಳಿಬಿಡುವುದು ಈ ಲೇಖನದ ಉದ್ದೇಶವಲ್ಲ. ಅವು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲವು, ಯಾವುದಕ್ಕೆ ಕೊಡಲಾರವು ಎಂಬುದನ್ನು ವಿಂಗಡಿಸಿ ನೋಡುವುದಷ್ಟೇ ಇಲ್ಲಿಯ ಪ್ರಯತ್ನ.

೨

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸೋಣ. ಅಂತರ್ಜಾಲ ಸಮೀಕ್ಷೆಗೆ ಮುಂಚೆ ಇದ್ದದ್ದು, ಇಂದಿಗೂ ಇರುವುದು, ಮನೆಮನೆಗೆ ಹೋಗಿ ಕೇಳುವ ಪದ್ಧತಿ. ನಮ್ಮ ದೇಶದಲ್ಲಿ ಅದಕ್ಕೆ ಗೌರವಾರ್ಹವಾದ ಪರಂಪರೆ ಉಂಟು. ಪ್ರಶಾಂತಚಂದ್ರ ಮಹಾಲನೋಬಿಸರು ೧೯೩೧ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿ, ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಗಳ ಮೂಲಕ ಅಳೆದು ತೋರಿಸಿದರು. ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಜನಸಮುದಾಯದ ಪ್ರತಿಯೊಬ್ಬನಿಗೂ ಆಯ್ಕೆಯಾಗುವ ಅವಕಾಶ ಎಷ್ಟೆಂಬುದು ಮುಂಚೆಯೇ ತಿಳಿದಿರಬೇಕು ಎಂಬುದು ಈ ಪದ್ಧತಿಯ ಜೀವಾಳ.

ಆದರೆ ಸೆಣಬು ಸುಳ್ಳು ಹೇಳುವುದಿಲ್ಲ, ಮನುಷ್ಯನು ಹೇಳುತ್ತಾನೆ. ಹೊಸ್ತಿಲಲ್ಲಿ ಅಪರಿಚಿತ ಅಧಿಕಾರಿ ಕಾಗದ ಹಿಡಿದು ನಿಂತಿರುವಾಗ, ಒಳಗೆ ತಾಯಿಯೋ ಹೆಂಡತಿಯೋ ಕಿವಿಗೊಟ್ಟಿರುವಾಗ, ತಾನು ಗಾಂಜಾ ಸೇದುವುದುಂಟೆಂದು ಯಾರು ತಾನೆ ಒಪ್ಪಿಕೊಂಡಾರು? ಲಜ್ಜೆಯ ಜೊತೆಗೆ ಭಯವೂ ಇದೆ. ೧೯೮೫ರ ಮಾದಕದ್ರವ್ಯ ಕಾನೂನಿನ ೨೭ನೆಯ ವಿಧಿಯಂತೆ ಸೇವನೆಯೂ ಅಪರಾಧವೇ: ಕೊಕೇನು, ಹೆರಾಯಿನ್ ಮುಂತಾದವುಗಳಿಗೆ ಒಂದು ವರ್ಷದವರೆಗೆ, ಉಳಿದವುಗಳಿಗೆ ಆರು ತಿಂಗಳವರೆಗೆ ಸೆರೆ ಸಾಧ್ಯ. ತೆಲಂಗಾಣ ಸರ್ಕಾರವು ತನ್ನ ಮಾದಕದ್ರವ್ಯ ನಿಗ್ರಹ ದಳಕ್ಕೆ ೨೦೨೫ರ ಜೂನ್ ತಿಂಗಳಿನಲ್ಲಿ ‘ಈಗಲ್’ ಎಂಬ ಹೊಸ ಹೆಸರನ್ನಿತ್ತ ಸುದ್ದಿಯನ್ನು ಓದಿದವನು, ಪ್ರಶ್ನೆ ಕೇಳಲು ಬಂದವನು ಸಂಶೋಧಕನೋ ಬೇಹುಗಾರನೋ ಎಂದು ಸಂದೇಹಪಡುವುದು ಸಹಜ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಬೆಂಗಳೂರು, ಹೈದರಾಬಾದು ಸೇರಿ ಹತ್ತು ನಗರಗಳ ೫,೯೨೦ ಶಾಲಾ ವಿದ್ಯಾರ್ಥಿಗಳನ್ನು ಕುರಿತು ನಡೆದು ೨೦೨೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ವಿಷಯವನ್ನು ಕೇಳಿದರೆ ಮರೆಮಾಚುವೆವೆಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೇಳಿದ್ದಾರೆ. ಮರೆಮಾಚುವೆವೆಂಬ ಮಾತನ್ನು ಮಾತ್ರ ಅವರು ಮರೆಮಾಚಲಿಲ್ಲವೆಂಬುದು ಸೋಜಿಗ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (೨೦೧೯–೨೧) ಅಂಕಿಗಳನ್ನು ನೋಡಬಹುದು. ಹದಿನೈದು ವರ್ಷ ಮೇಲ್ಪಟ್ಟವರಲ್ಲಿ ಮದ್ಯ ಸೇವಿಸುವುದಾಗಿ ಒಪ್ಪಿಕೊಂಡವರು ತೆಲಂಗಾಣದ ಗಂಡಸರಲ್ಲಿ ಶೇಕಡಾ ೪೩.೩, ಹೆಂಗಸರಲ್ಲಿ ೬.೭, ಕರ್ನಾಟಕದಲ್ಲಿ ಕ್ರಮವಾಗಿ ೧೬.೫ ಮತ್ತು ೦.೯. ಗಡಿಗೆ ಗಡಿ ತಾಗಿದ ಎರಡು ರಾಜ್ಯಗಳ ನಡುವೆ ಇಷ್ಟು ಅಂತರವೇಕೆ? ತೆಲಂಗಾಣದಲ್ಲಿ ಕಳ್ಳು ಹಬ್ಬಹರಿದಿನಗಳ, ಬಂಧುಗಳ ಕೂಟದ ಅಂಗವಾಗಿ ಬಂದದ್ದರಿಂದ ಸೇವನೆ ನಿಜವಾಗಿಯೂ ಹೆಚ್ಚಾಗಿರುವುದು ಒಂದು ಕಾರಣ. ಹಾಗೆ ಬಂದದ್ದರಿಂದಲೇ ಅದನ್ನು ಒಪ್ಪಿಕೊಳ್ಳಲು ನಾಚಿಕೆ ಕಡಮೆಯಾಗಿರುವುದು ಇನ್ನೊಂದು ಕಾರಣವಾಗಬಹುದು. ಅಂತರದಲ್ಲಿ ಸೇವನೆಯ ಪಾಲೆಷ್ಟು, ಸಂಕೋಚವಿಲ್ಲದ ನುಡಿಯ ಪಾಲೆಷ್ಟು ಎಂಬುದನ್ನು ಅಂಕಿಯು ತಾನಾಗಿ ಬಿಡಿಸಿ ಹೇಳದು.

ಈ ಸ್ಥಳದಲ್ಲಿಯೇ ಅಂತರ್ಜಾಲದ ಹೆಚ್ಚಳ ಕಾಣುವುದು. ಯಂತ್ರಕ್ಕೆ ಹುಬ್ಬು ಗಂಟಿಕ್ಕುವ ಮುಖವಿಲ್ಲ. ಅಮೆರಿಕೆಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಮೇಲೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದುಂಟೆ ಎಂಬಂಥ ಮುಜುಗರದ ಪ್ರಶ್ನೆಗಳನ್ನು ಕೆಲವರಿಗೆ ದೂರವಾಣಿಯಲ್ಲಿ ಮನುಷ್ಯರು ಕೇಳಿದರು. ಕೆಲವರಿಗೆ ಮುದ್ರಿತ ಧ್ವನಿ ಕೇಳಿತು. ಕೆಲವರಿಗೆ ಅಂತರ್ಜಾಲದ ಹಾಳೆ ಕೇಳಿತು. ವಿಶ್ವವಿದ್ಯಾಲಯದ ದಾಖಲೆಗಳೊಡನೆ ತಾಳೆ ನೋಡಿದಾಗ ಅಂತರ್ಜಾಲದಲ್ಲಿ ಉತ್ತರಿಸಿದವರೇ ಹೆಚ್ಚು ಸತ್ಯವಂತರಾಗಿ ಕಂಡರು. ನಾಚಿಕೆಗೆ ಕಾರಣವಾಗುವ ಸತ್ಯವನ್ನು ಮನುಷ್ಯನು ಮನುಷ್ಯನಿಗಿಂತ ಪರದೆಗೆ ಸುಲಭವಾಗಿ ಹೇಳುತ್ತಾನೆ. ಇದು ಸಣ್ಣ ಲಾಭವಲ್ಲ.

ಇನ್ನೊಂದು ಲಾಭವೂ ಉಂಟು. ಮನೆಮನೆಯ ಸಮೀಕ್ಷೆಯ ಪಟ್ಟಿಯಲ್ಲಿ ‘ಮನೆ’ ಎಂಬುದಕ್ಕೆ ಸಾಮಾನ್ಯವಾಗಿ ಸಂಸಾರವೆಂದೇ ಅರ್ಥ. ವಿದ್ಯಾರ್ಥಿನಿಲಯಗಳು, ಬಾಡಿಗೆಯ ವಸತಿಗೃಹಗಳು ಬಹುಮಟ್ಟಿಗೆ ಹೊರಗುಳಿಯುತ್ತವೆ. ೧೯೯೮ರಲ್ಲಿ ಸೈಬರ್ ಟವರ್ಸ್ ಕಟ್ಟಡ ತೆರೆದ ಮೇಲೆ ಬೆಳೆದ ಮಾದಾಪುರದಲ್ಲಿ ಇಂಥ ವಸತಿಗೃಹಗಳು ಸಾಲುಸಾಲಾಗಿವೆ. ಊರಿಂದ ಬಂದ ಇಪ್ಪತ್ತೈದರ ಯುವಕನು ನೆಲೆಸುವುದು ಅಲ್ಲಿ. ಗಣತಿಯವನ ಕಾಲು ತಲಪದ ಆ ಕೋಣೆಗೆ ಅಂತರ್ಜಾಲದ ಕೊಂಡಿ ತಲಪುತ್ತದೆ.

೩

ಇಷ್ಟನ್ನು ಒಪ್ಪಿಕೊಂಡ ಮೇಲೆ ಉತ್ತರಪಕ್ಷಕ್ಕೆ ಬರಬಹುದು. ಉತ್ತರಿಸಿದವನು ಸತ್ಯವನ್ನೇ ಹೇಳಿದನೆಂದು ಇಟ್ಟುಕೊಳ್ಳೋಣ. ಅವನು ಯಾರ ಪರವಾಗಿ ಹೇಳಿದನು?

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿದವರಲ್ಲಿ ಒಬ್ಬರು ನಮ್ಮ ನೆಲದಲ್ಲಿ ಹುಟ್ಟಿದವರು. ಕಲ್ಯಂಪುಡಿ ರಾಧಾಕೃಷ್ಣ ರಾಯರು ೧೯೨೦ರ ಸೆಪ್ಟೆಂಬರ್ ೧೦ರಂದು ಹಡಗಲಿಯಲ್ಲಿ, ಎಂದರೆ ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ಮಹಾಲನೋಬಿಸರ ಬಳಿಯೂ ಕೇಂಬ್ರಿಜ್ಜಿನಲ್ಲಿ ಫಿಷರರ ಬಳಿಯೂ ಬೆಳೆದು ಜಗತ್ಪ್ರಸಿದ್ಧರಾಗಿ, ೨೦೨೩ರ ಆಗಸ್ಟ್ ೨೨ರಂದು ನಿಧನರಾದರು. ಮಾದಾಪುರಕ್ಕೆ ಸಮೀಪದ ಗಚ್ಚಿಬೌಲಿಯಲ್ಲಿ, ಹೈದರಾಬಾದು ವಿಶ್ವವಿದ್ಯಾಲಯದ ಆವರಣದೊಳಗೆ, ಅವರ ಹೆಸರಿನ ಗಣಿತ ಮತ್ತು ಸಂಖ್ಯಾಶಾಸ್ತ್ರ ಸಂಸ್ಥೆಯಿದೆ. ಅವರ ೧೯೮೫ರ ಒಂದು ಪ್ರಬಂಧದ ಉಪಶೀರ್ಷಿಕೆಯೇ ಪ್ರಶ್ನೆಯ ರೂಪದಲ್ಲಿದೆ: ಮಾದರಿಯೊಂದು ಯಾವ ಸಮುದಾಯವನ್ನು ಪ್ರತಿನಿಧಿಸುತ್ತದೆ?

ರಾಯರು ಇದಕ್ಕೆ ಸರಳವಾದ ಒಂದು ದೃಷ್ಟಾಂತವನ್ನು ಕೊಡುತ್ತಿದ್ದರು. ಗಂಡುಹುಡುಗರೇ ತುಂಬಿರುವ ತರಗತಿಯೊಂದರಲ್ಲಿ ಪ್ರತಿಯೊಬ್ಬನನ್ನೂ, ‘ನಿನ್ನನ್ನು ಸೇರಿಸಿ ನಿಮ್ಮ ಮನೆಯಲ್ಲಿ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು?’ ಎಂದು ಕೇಳಿ ಕೂಡಿಸಿದರೆ ಗಂಡುಮಕ್ಕಳ ಸಂಖ್ಯೆ ಎದ್ದುಕಾಣುವಷ್ಟು ಹೆಚ್ಚಾಗಿ ಬರುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಗಂಡುಮಕ್ಕಳಿಲ್ಲದ ಮನೆಯಿಂದ ಆ ತರಗತಿಗೆ ಯಾರೂ ಬಂದಿರಲಾರರು. ಗಂಡುಮಕ್ಕಳು ಹೆಚ್ಚಾಗಿರುವ ಮನೆಯಿಂದ ಒಬ್ಬನಾದರೂ ಬಂದಿರುವ ಸಂಭವ ಹೆಚ್ಚು. ಉತ್ತರಿಸಿದ ಹುಡುಗರನ್ನು ಲೆಕ್ಕದಿಂದ ಕಳೆದುಬಿಟ್ಟರೆ ಉಳಿದವರಲ್ಲಿ ಗಂಡು ಹೆಣ್ಣು ಹೆಚ್ಚುಕಡಮೆ ಸಮವಾಗುತ್ತಾರೆ. ದೋಷವಿದ್ದದ್ದು ಉತ್ತರದಲ್ಲಲ್ಲ, ಉತ್ತರಿಸುವವನು ನಮ್ಮೆದುರಿಗೆ ಬಂದು ನಿಂತ ದಾರಿಯಲ್ಲಿ.

ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದ ಉದಾಹರಣೆಯೂ ರಾಯರ ಬರಹದಲ್ಲಿದೆ. ಕೆನಡದ ಆಂಟೇರಿಯೊ ಪ್ರಾಂತದ ಮೂರು ಚಿಕಿತ್ಸಾಲಯಗಳಿಗೆ ಸೇರಿದ ೨೪೨ ಮದ್ಯವ್ಯಸನಿಗಳ ಕುಟುಂಬವಿವರಗಳನ್ನು ಹಿಡಿದು, ದೊಡ್ಡ ಕುಟುಂಬಗಳಲ್ಲಿ ಮದ್ಯವ್ಯಸನ ಹೆಚ್ಚೇ ಎಂಬ ಚರ್ಚೆ ೧೯೬೦ರ ದಶಕದಲ್ಲಿ ನಡೆಯಿತು. ರಾಯರ ದೃಷ್ಟಿಯಲ್ಲಿ ಮೊದಲು ವಿಚಾರಿಸಬೇಕಾದದ್ದು, ಆ ೨೪೨ ಜನರು ಚಿಕಿತ್ಸಾಲಯದ ಬಾಗಿಲನ್ನು ಹೊಕ್ಕದ್ದು ಹೇಗೆ ಎಂಬುದು. ನಾವು ಆಯ್ದದ್ದು ಕುಟುಂಬಗಳನ್ನಲ್ಲ, ವ್ಯಸನಿಗಳನ್ನು. ಮಕ್ಕಳು ಹೆಚ್ಚಾಗಿರುವ ಕುಟುಂಬದಿಂದ ಒಬ್ಬ ವ್ಯಸನಿ ಸಿಕ್ಕುವ ಸಂಭವ ಮೊದಲೇ ಹೆಚ್ಚು. ಇದನ್ನು ಗಣನೆಗೆ ತಾರದೆ ಸಿದ್ಧಾಂತವನ್ನು ಕಟ್ಟಿದರೆ ಆಯ್ಕೆಯ ರೀತಿಯೇ ಸಮಾಜದ ಸ್ವಭಾವವೆಂದು ತೋರಿಬಿಡುತ್ತದೆ.

ಅಂತರ್ಜಾಲ ಸಮೀಕ್ಷೆಗೆ ಇದೇ ನ್ಯಾಯವನ್ನು ಅನ್ವಯಿಸೋಣ. ಮಾದಾಪುರದಲ್ಲಿ ೧೦,೦೦೦ ಉದ್ಯೋಗಿಗಳಿದ್ದಾರೆ, ಅವರಲ್ಲಿ ೫೦೦ ಮಂದಿ, ಎಂದರೆ ಶೇಕಡಾ ೫, ಒಂದು ಮಾದಕದ್ರವ್ಯವನ್ನು ಸೇವಿಸುತ್ತಾರೆ ಎಂದು ಕೇವಲ ಲೆಕ್ಕಕ್ಕಾಗಿ ಊಹಿಸಿಕೊಳ್ಳಿ. ವಿಷಯದಲ್ಲಿ ಆಸಕ್ತಿಯಿರುವ ಸೇವಿಸುವವರಲ್ಲಿ ಶೇಕಡಾ ೨೦ ಮಂದಿ, ಆಸಕ್ತಿಯಿಲ್ಲದ ಉಳಿದವರಲ್ಲಿ ಶೇಕಡಾ ೫ ಮಂದಿ ಉತ್ತರ ಕಳಿಸಿದರೆಂದರೆ ನಮ್ಮ ಕೈಸೇರುವ ಉತ್ತರಗಳು ೧೦೦ ಮತ್ತು ೪೭೫. ಅಂಕಿ ಶೇಕಡಾ ೧೭.೪ ಎಂದಾಗುತ್ತದೆ. ಇನ್ನು ಪ್ರಶ್ನಾವಳಿ ಕಚೇರಿಯ ವಿಳಾಸಕ್ಕೇ ಬಂದಿತು, ಮೇಲಧಿಕಾರಿಗೆ ತಿಳಿದೀತೆಂಬ ಅಂಜಿಕೆಯಿಂದ ಸೇವಿಸುವವರಲ್ಲಿ ಶೇಕಡಾ ೨, ಉಳಿದವರಲ್ಲಿ ಶೇಕಡಾ ೧೦ ಮಂದಿ ಮಾತ್ರ ಉತ್ತರಿಸಿದರು ಎನ್ನಿ: ೧೦ ಮತ್ತು ೯೫೦, ಅಂಕಿ ಶೇಕಡಾ ೧.೦೪. ಊರು ಅದೇ, ಜನ ಅವರೇ, ಎಲ್ಲರೂ ಸತ್ಯವನ್ನೇ ನುಡಿದಿದ್ದಾರೆ. ಆದರೂ ಒಂದು ಪತ್ರಿಕೆ ಮಾದಾಪುರವನ್ನು ಮುಳುಗಿದ ಊರೆನ್ನುತ್ತದೆ, ಇನ್ನೊಂದು ನಿರ್ಮಲವಾದ ಊರೆನ್ನುತ್ತದೆ. ಉತ್ತರಗಳ ಸಂಖ್ಯೆಯನ್ನು ಹತ್ತರಷ್ಟು ಮಾಡಿದರೂ ಈ ತಪ್ಪು ಕೂದಲೆಳೆಯಷ್ಟೂ ತಗ್ಗದು. ಸಂಖ್ಯೆ ದೊಡ್ಡದಾದಂತೆ ತಪ್ಪಿನ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. ೧೯೩೬ರಲ್ಲಿ ಅಮೆರಿಕೆಯ ಲಿಟರರಿ ಡೈಜೆಸ್ಟ್ ಪತ್ರಿಕೆ ದೂರವಾಣಿ ಪುಸ್ತಕ, ಮೋಟಾರು ವಾಹನಗಳ ದಾಖಲೆ ಮುಂತಾದವುಗಳಿಂದ ವಿಳಾಸಗಳನ್ನು ತೆಗೆದು ಒಂದು ಕೋಟಿ ಜನರಿಗೆ ಪತ್ರ ಕಳಿಸಿತು. ೨೦ ಲಕ್ಷಕ್ಕೂ ಮಿಕ್ಕಿ ಉತ್ತರಗಳು ಬಂದವು. ಅವುಗಳ ಬಲದಿಂದ ಲ್ಯಾಂಡನ್ ಗೆಲ್ಲುವನೆಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ ೪೮ ರಾಜ್ಯಗಳಲ್ಲಿ ೪೬ನ್ನು ಗೆದ್ದನು. ಅದಕ್ಕಿಂತ ಎಷ್ಟೋ ಚಿಕ್ಕದಾದ, ಆದರೆ ಆಯ್ಕೆಯಲ್ಲಿ ಎಚ್ಚರ ವಹಿಸಿದ ಗ್ಯಾಲಪನ ಸಮೀಕ್ಷೆ ಗೆಲ್ಲುವವನನ್ನು ಸರಿಯಾಗಿ ಹೇಳಿತ್ತು.

ಮಾದಕದ್ರವ್ಯಗಳ ವಿಷಯದಲ್ಲಿ ನಡೆದ ಅತಿ ದೊಡ್ಡದಾದ ಅಂತರ್ಜಾಲ ಸಮೀಕ್ಷೆಗಳಲ್ಲೊಂದು ಲಂಡನ್ನಿನ ‘ಗ್ಲೋಬಲ್ ಡ್ರಗ್ ಸರ್ವೆ’. ಇಷ್ಟವಿದ್ದವರು ತಾವಾಗಿ ಬಂದು, ಹೆಸರು ಹೇಳದೆ ಉತ್ತರಿಸಿ ಹೋಗುವುದು ಅದರ ಕ್ರಮ. ೨೦೧೯ರಲ್ಲಿ ೧,೨೦,೦೦೦ಕ್ಕೂ ಹೆಚ್ಚು ಮಂದಿ ಅದರಲ್ಲಿ ಭಾಗವಹಿಸಿದರು. ಭಾರತದಿಂದ ಉತ್ತರಿಸಿದವರು ವರ್ಷಕ್ಕೆ ಸರಾಸರಿ ೪೧ ಸಲ ಕುಡಿದು ಮತ್ತರಾದರೆಂಬುದು ಅದರ ಫಲಿತಾಂಶಗಳಲ್ಲೊಂದು. ನಮ್ಮ ಪತ್ರಿಕೆಗಳು ಇದನ್ನು ‘ಭಾರತೀಯರು ವರ್ಷಕ್ಕೆ ೪೧ ಸಲ ಮತ್ತರಾಗುತ್ತಾರೆ’ ಎಂದು ಮುದ್ರಿಸಿದವು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯಾದರೋ ದೇಶದ ಗಂಡಸರಲ್ಲಿ ಸುಮಾರು ಐವರಿಗೊಬ್ಬರು, ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ ಮದ್ಯ ಮುಟ್ಟುವುದಾಗಿ ಹೇಳಿದ್ದಾರೆ. ಮುಟ್ಟದವರೇ ಬಹುಸಂಖ್ಯರಾಗಿರುವ ದೇಶದ ಸರಾಸರಿ ೪೧ ಆಗುವುದು ಹೇಗೆ? ತಮ್ಮ ಅಂಕಿಗಳು ದೇಶದ ಒಟ್ಟು ಜನರನ್ನು ಪ್ರತಿನಿಧಿಸುವುದಿಲ್ಲವೆಂದು ಆ ಸಮೀಕ್ಷೆಯವರೇ ಹೇಳುತ್ತ ಬಂದಿದ್ದಾರೆ. ತಪ್ಪು ಅವರದಲ್ಲ, ‘ಉತ್ತರಿಸಿದವರು’ ಎಂಬ ಪದವನ್ನು ತೆಗೆದು ‘ಭಾರತೀಯರು’ ಎಂಬ ಪದವನ್ನಿಟ್ಟ ಕೈಯದು.

ಉತ್ತರಿಸಲು ಸಾಧನವೇ ಇಲ್ಲದವರ ಮಾತು ಬೇರೆ. ಅದೇ ಕುಟುಂಬ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಎಂದಾದರೂ ಅಂತರ್ಜಾಲವನ್ನು ಬಳಸಿದವರು ಶೇಕಡಾ ೩೩.೩, ಗಂಡಸರಲ್ಲಿ ೫೭.೧. ಈ ಪ್ರಮಾಣ ಆಮೇಲೆ ಏರಿದೆಯೆಂಬುದು ನಿಜ. ಆದರೂ ಪ್ರಶ್ನಾವಳಿಯನ್ನು ತೆರೆದು ಓದಿ ತುಂಬುವವನು ಅಂತರ್ಜಾಲ ಬಳಸುವವರಲ್ಲಿಯೂ ಒಂದು ವಿಶೇಷ ವರ್ಗದವನು: ಹೆಚ್ಚಾಗಿ ತರುಣ, ಪಟ್ಟಣದವನು, ಓದಿದವನು.

೪

ಎರಡನೆಯ ದೋಷವು ಅಜಾಗರೂಕತೆಯಿಂದ ಹುಟ್ಟುವುದು. ಕಾಟಾಚಾರಕ್ಕೆ ಗುರುತು ಹಾಕುವವರು, ಬಹುಮಾನದ ಆಸೆಗೆ ಎರಡು ಮೂರು ಸಲ ತುಂಬುವವರು, ಮನುಷ್ಯನಂತೆ ನಟಿಸುವ ಯಂತ್ರಗಳು, ಇವರೆಲ್ಲರಿಗೂ ಅಂತರ್ಜಾಲದ ಬಾಗಿಲು ತೆರೆದಿರುತ್ತದೆ. ಸಾಮಾನ್ಯ ವಿಷಯಗಳಲ್ಲಿ ಇವರಿಂದಾಗುವ ಕೇಡು ಅಲ್ಪ. ವಿರಳವಾದ ವರ್ತನೆಯನ್ನು ಅಳೆಯುವಾಗ ಅದೇ ಕೇಡು ಅಪಾರವಾಗುತ್ತದೆ. ಸಾವಿರ ಮಂದಿಯಲ್ಲಿ ಒಂದು ಅಪರೂಪದ ದ್ರವ್ಯವನ್ನು ನಿಜವಾಗಿ ಸೇವಿಸುವವರು ೫ ಮಂದಿ; ಅಜಾಗರೂಕರು ೪೦ ಮಂದಿ, ಅವರಲ್ಲಿ ಅರ್ಧದಷ್ಟು ಮಂದಿ ಕಣ್ಣು ಮುಚ್ಚಿ ‘ಹೌದು’ ಎಂದು ಒತ್ತುತ್ತಾರೆ ಎನ್ನಿ. ಆಗ ಬಂದ ೨೫ ‘ಹೌದು’ಗಳಲ್ಲಿ ೨೦ ಸುಳ್ಳು. ಐವರ ನಿಜವು ಇಪ್ಪತ್ತು ಜನರ ಗದ್ದಲದಲ್ಲಿ ಮುಳುಗಿಹೋಯಿತು.

೨೦೨೦ರ ಮೇ ತಿಂಗಳಲ್ಲಿ ಅಮೆರಿಕೆಯ ರೋಗನಿಯಂತ್ರಣ ಕೇಂದ್ರದವರು ೫೦೨ ಮಂದಿಯನ್ನು ಅಂತರ್ಜಾಲದ ಮೂಲಕ ಪ್ರಶ್ನಿಸಿದಾಗ, ಕೊರೋನಾ ಸೋಂಕನ್ನು ತಡೆಯಲು ಬಟ್ಟೆ ಬಿಳಿಪುಗೊಳಿಸುವ ದ್ರಾವಣವನ್ನು ನೀರಿನಲ್ಲಿ ಬೆರೆಸಿ ಕುಡಿದೆವು ಅಥವಾ ಬಾಯಿ ಮುಕ್ಕಳಿಸಿದೆವು ಎಂದವರು ಶೇಕಡಾ ೪. ಜಗತ್ತೆಲ್ಲ ಬೆಚ್ಚಿತು. ಅನಂತರ ಬೇರೆ ಸಂಶೋಧಕರು ಅದೇ ಪ್ರಶ್ನೆಗಳನ್ನು ಪುನಃ ಕೇಳಿ, ಉತ್ತರಿಸುವವನ ಗಮನವನ್ನು ಪರೀಕ್ಷಿಸುವ ಪ್ರಶ್ನೆಗಳನ್ನೂ ನಡುನಡುವೆ ಸೇರಿಸಿದರು. ಹಾಗೆ ‘ಹೌದು’ ಎಂದವರಲ್ಲಿ ಬಹುತೇಕ ಎಲ್ಲರೂ ನಂಬಲರ್ಹರಲ್ಲವೆಂದು ೨೦೨೩ರಲ್ಲಿ ಪ್ರಕಟಿಸಿದರು. ಪ್ಯೂ ಸಂಶೋಧನ ಕೇಂದ್ರದವರು ೨೦೨೪ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ತಾವಾಗಿ ಬಂದು ಉತ್ತರಿಸಿದ ಮೂವತ್ತರೊಳಗಿನ ಅಮೆರಿಕನ್ನರಲ್ಲಿ ಶೇಕಡಾ ೧೨ ಮಂದಿ ತಮಗೆ ಪರಮಾಣು ಜಲಾಂತರ್ಗಾಮಿ ನೌಕೆಯನ್ನು ನಡೆಸುವ ಪರವಾನಗಿ ಇದೆಯೆಂದರು!

ಇದಕ್ಕೆ ಪರಿಹಾರವಿಲ್ಲದಿಲ್ಲ. ಐರೋಪ್ಯ ಶಾಲಾ ಸಮೀಕ್ಷೆಯಲ್ಲಿ ‘ರೆಲೆವಿನ್’ ಎಂಬ, ಜಗತ್ತಿನಲ್ಲಿ ಇಲ್ಲವೇ ಇಲ್ಲದ ಒಂದು ದ್ರವ್ಯದ ಹೆಸರನ್ನು ಪಟ್ಟಿಯಲ್ಲಿ ಸೇರಿಸುತ್ತಾರೆ. ಅದನ್ನು ಸೇವಿಸಿದ್ದೇನೆ ಎಂದವನ ಉಳಿದ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಅಲ್ಲಿಗೇ ತೀರ್ಮಾನವಾಗುತ್ತದೆ. ಇಂಥ ಒರೆಗಲ್ಲನ್ನು ಇಟ್ಟುಕೊಳ್ಳದ ಅಂತರ್ಜಾಲ ಸಮೀಕ್ಷೆಯು ವಿರಳ ದ್ರವ್ಯಗಳ ವಿಷಯದಲ್ಲಿ ಏನು ಹೇಳಿದರೂ ಸಂಶಯದಿಂದಲೇ ಕೇಳಬೇಕು.

೫

ಮೂರನೆಯ ತೊಡಕು ಮಾತಿನದು. ‘ಡ್ರಗ್ಸ್’ ಎಂಬ ಪದವನ್ನು ಕೇಳಿದ ಕನ್ನಡಿಗನ ಮನಸ್ಸಿಗೆ ಬರುವ ಚಿತ್ರ ಸೂಜಿ, ಬಿಳಿಯ ಪುಡಿ, ಪೋಲೀಸರ ದಾಳಿ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು ೨೦೨೦ರಲ್ಲಿ ಪತ್ರಿಕೆಗಳು ವರದಿಮಾಡಿದವು. ಹಾಗೆ ಸ್ವೀಕರಿಸಿದವನು ‘ನೀವು ಡ್ರಗ್ಸ್ ಸೇವಿಸುತ್ತೀರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿಯಾನು. ಭಂಗಿಯ ಎಲೆಯನ್ನು ೧೯೮೫ರ ಕಾನೂನು ‘ಗಾಂಜಾ’ ಎಂಬುದರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ೨೦೧೯ರ ರಾಷ್ಟ್ರೀಯ ವರದಿಯಲ್ಲಿ ಭಂಗಿ ಸೇವಿಸುವವರನ್ನೂ (ಸುಮಾರು ೨.೨ ಕೋಟಿ) ಗಾಂಜಾ, ಚರಸ್ ಸೇವಿಸುವವರನ್ನೂ (ಸುಮಾರು ೧.೩ ಕೋಟಿ) ಪ್ರತ್ಯೇಕವಾಗಿ ಎಣಿಸಿದ್ದು ಈ ಕಾರಣದಿಂದ ಉಚಿತವಾಗಿದೆ. ಇಂಗ್ಲಿಷಿನಲ್ಲಿ ರಚಿಸಿದ ಹಾಳೆಯು ಈ ಭೇದಗಳನ್ನೆಲ್ಲ ಒಂದೇ ಪದದೊಳಗೆ ತುಂಬಿಬಿಡುತ್ತದೆ.

ತಾನು ಸೇವಿಸುತ್ತಿರುವುದು ಏನೆಂದು ಸೇವಿಸುವವನಿಗೇ ತಿಳಿಯದಿರುವುದು ಇನ್ನೂ ಆಳವಾದ ತೊಡಕು. ತೆಲಂಗಾಣದಲ್ಲಿ ಕಳ್ಳಿನ ಹೆಸರಿನಲ್ಲಿ ಮಾರುವ ದ್ರವಕ್ಕೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್‌ಪ್ರಜೋಲಾಮ್ ಮುಂತಾದ ನಿದ್ರಾಜನಕಗಳನ್ನು ಬೆರೆಸುವ ದುಷ್ಟಾಭ್ಯಾಸ ಬಹುಕಾಲದಿಂದ ಇದೆ. ೨೦೨೫ರ ಜುಲೈ ತಿಂಗಳಲ್ಲಿ, ಮಾದಾಪುರಕ್ಕೆ ಕೆಲವೇ ಮೈಲಿಗಳ ದೂರದ ಕೂಕಟಪಲ್ಲಿಯಲ್ಲಿ, ಇಂಥ ಕಲಬೆರಕೆಯ ಕಳ್ಳನ್ನು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಅವರನ್ನು ಅದಕ್ಕೆ ಹಿಂದಿನ ದಿನ ಯಾರಾದರೂ ಕೇಳಿದ್ದರೆ, ತಾವು ಕುಡಿಯುವುದು ಮರದ ಕಳ್ಳು ಎಂದೇ ಹೇಳುತ್ತಿದ್ದರು. ಆಲ್‌ಪ್ರಜೋಲಾಮ್ ಎಂಬ ಹೆಸರಿನೆದುರು ಗುರುತು ಹಾಕಲು ಅವರಿಗೆ ಕಾರಣವಿರಲಿಲ್ಲ. ಬಹುಶಃ ಹಾಳೆಯನ್ನು ತೆರೆಯಲು ಸಾಧನವೂ ಇರಲಿಲ್ಲ.

೨೦೨೦ರ ಮಾರ್ಚ್ ೨೫ರಿಂದ ಮದ್ಯದಂಗಡಿಗಳೂ ಕಳ್ಳಿನಂಗಡಿಗಳೂ ಮುಚ್ಚಿದಾಗ ಕಂಡ ನೋಟವನ್ನು ಇದರೊಡನೆ ಹೋಲಿಸಬಹುದು. ಆ ವಾರಗಳಲ್ಲಿ ಗೃಹಬಂಧನದ ಕಾಲದ ಕುಡಿತವನ್ನು ಕುರಿತು ಅಂತರ್ಜಾಲದಲ್ಲಿ ಅನೇಕ ಪ್ರಶ್ನಾವಳಿಗಳು ಹರಿದಾಡಿದವು. ಅದೇ ದಿನಗಳಲ್ಲಿ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ, ಕುಡಿತ ಹಠಾತ್ತಾಗಿ ನಿಂತುದರಿಂದ ನಡುಕ, ಭ್ರಾಂತಿ, ಅಪಸ್ಮಾರ ಕಾಣಿಸಿಕೊಂಡ ರೋಗಿಗಳು ಗುಂಪುಗುಂಪಾಗಿ ಬಂದರು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ಉಲ್ಬಣಗೊಂಡ ಪ್ರಕರಣಗಳು ದಿನಕ್ಕೆ ನಾಲ್ಕರಿಂದ ಎಂಟಕ್ಕೆ ಏರಿದುವೆಂದು ನಿಮ್ಹಾನ್ಸಿನ ವೈದ್ಯರು ಬರೆದಿದ್ದಾರೆ. ನಡುಗುವ ಕೈ ಪ್ರಶ್ನಾವಳಿಯನ್ನು ತುಂಬಲಾರದು. ಯಾರ ಸ್ಥಿತಿ ಅತ್ಯಂತ ಕಠಿನವೋ ಅವರೇ ಲೆಕ್ಕದಿಂದ ಹೊರಗುಳಿಯುವು­ದು ಈ ಪದ್ಧತಿಯ ಅತ್ಯಂತ ದುಃಖಕರವಾದ ನ್ಯೂನತೆ.

೬

ಹಾಗಾದರೆ ನಿರ್ಣಯವೇನು? ಮನೆಯ ಹೊಸ್ತಿಲಲ್ಲಿ ಕೇಳಿದರೆ ಸಮುದಾಯ ಸಿಕ್ಕುತ್ತದೆ, ಸತ್ಯ ಅಡಗುತ್ತದೆ. ಪರದೆಯ ಮೇಲೆ ಕೇಳಿದರೆ ಸತ್ಯ ಕೊಂಚ ಹೆಚ್ಚಾಗಿ ಸಿಕ್ಕುತ್ತದೆ, ಸಮುದಾಯ ತಪ್ಪಿಹೋಗುತ್ತದೆ. ಆದಕಾರಣ ‘ಎಷ್ಟು ಮಂದಿ?’ ಎಂಬ ಪ್ರಶ್ನೆಗೆ ಅಂತರ್ಜಾಲ ಸಮೀಕ್ಷೆಯಿಂದ ಉತ್ತರವನ್ನು ನಿರೀಕ್ಷಿಸಬಾರದು. ‘ಸೇವಿಸುವವರಲ್ಲಿ ಹೇಗೆ, ಏಕೆ, ಯಾವುದರ ಜೊತೆಗೆ ಯಾವುದು, ಯಾವ ತೊಂದರೆಗೆ ಯಾವ ಸಹಾಯವನ್ನು ಹುಡುಕಿದರು?’ ಎಂಬ ಬಗೆಯ ಪ್ರಶ್ನೆಗಳಿಗೆ ಅದು ಬೆಲೆಯುಳ್ಳ ಸಾಕ್ಷ್ಯವನ್ನು ಒದಗಿಸಬಲ್ಲದು. ಹೊಸ ದ್ರವ್ಯವೊಂದು ಪೇಟೆಗೆ ಬಂದದ್ದನ್ನು ಬೇಗ ಸೂಚಿಸುವುದರಲ್ಲಿ ಅದು ಮನೆಮನೆಯ ಸಮೀಕ್ಷೆಗಿಂತ ಮುಂದಿದೆ.

‘ಎಷ್ಟು’ ಎಂಬುದನ್ನು ತಿಳಿಯಲು ನಮ್ಮ ದೇಶವೇ ಒಂದು ಮಾರ್ಗವನ್ನು ತೋರಿಸಿದೆ. ೨೦೦೪ರಲ್ಲಿ ಪ್ರಕಟವಾದ ಮೊದಲ ರಾಷ್ಟ್ರೀಯ ಗೃಹಸಮೀಕ್ಷೆಯಲ್ಲಿ ಗಂಡಸರನ್ನು ಮಾತ್ರ ಕೇಳಿದ್ದರು. ೨೦೧೯ರ ವರದಿಗಾಗಿ ದೆಹಲಿಯ ವೈದ್ಯವಿಜ್ಞಾನ ಸಂಸ್ಥೆಯವರು ಹೆಂಗಸರನ್ನೂ ಸೇರಿಸಿ ೨,೦೦,೧೧೧ ಮನೆಗಳಲ್ಲಿ ೪,೭೩,೫೬೯ ಮಂದಿಯನ್ನು ಸಂದರ್ಶಿಸಿದರು. ನಿಷಿದ್ಧ ದ್ರವ್ಯಗಳನ್ನು ಸೇವಿಸುವವರು ಹೊಸ್ತಿಲಲ್ಲಿ ಸಿಕ್ಕುವುದಿಲ್ಲವೆಂಬುದನ್ನು ಅರಿತು, ೧೩೫ ಜಿಲ್ಲೆಗಳಲ್ಲಿ ಅಂಥವರಿಂದಲೇ ಅಂಥವರನ್ನು ಕರೆಸಿಕೊಳ್ಳುವ ಇನ್ನೊಂದು ಕ್ರಮದಿಂದ ೭೨,೬೪೨ ಮಂದಿಯನ್ನು ಪ್ರತ್ಯೇಕವಾಗಿ ಕಂಡು, ಎರಡು ಬಗೆಯ ಸಾಕ್ಷ್ಯವನ್ನು ಒಂದರೊಡನೊಂದು ಬೆಸೆದರು. ಹಾಲೆಂಡಿನಲ್ಲಿ ೨೦೦೭ರಿಂದ ನಡೆಯುತ್ತಿರುವ ಒಂದು ಅಂತರ್ಜಾಲ ಸಮೀಕ್ಷೆಗೆ ಜನರನ್ನು ಸರ್ಕಾರದ ಜನಪಟ್ಟಿಯಿಂದ ಚೀಟಿಯೆತ್ತಿ ಆರಿಸುತ್ತಾರೆ. ಆಯ್ಕೆಯಾದ ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಯಂತ್ರವನ್ನೂ ಒದಗಿಸುತ್ತಾರೆ. ದೋಷ ಅಂತರ್ಜಾಲದ್ದಲ್ಲ, ಬಾಗಿಲು ತೆರೆದಿಟ್ಟು ಬಂದವರನ್ನು ಎಣಿಸುವ ಕ್ರಮದ್ದು ಎಂಬುದಕ್ಕೆ ಇದು ನಿದರ್ಶನ.

ಕೊನೆಯದಾಗಿ ನಮ್ಮ ಸಂಘಗಳಿಗೆ ಸಂಬಂಧಿಸಿದ ಒಂದು ಮಾತು. ಹೈದರಾಬಾದಿನ ಕನ್ನಡಿಗರೆಂದರೆ ಯಾರು? ನಿಜಾಮರ ಕಾಲದಲ್ಲಿಯೇ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದು ಕಾಚಿಗೂಡದ ಸುತ್ತ ನೆಲೆಸಿದ ಮನೆತನಗಳುಂಟು. ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ತರುಣ ತರುಣಿಯರುಂಟು. ಆ ಕಟ್ಟಡಗಳನ್ನು ಕಟ್ಟಲು ಅದೇ ಜಿಲ್ಲೆಗಳಿಂದ ಬಂದು ತಗಡಿನ ಮನೆಗಳಲ್ಲಿರುವ ಕೂಲಿಗಳೂ ಉಂಟು. ಕನ್ನಡಿಗರಲ್ಲಿ ವ್ಯಸನ ಎಷ್ಟೆಂದು ತಿಳಿಯಬಯಸಿ ಸಂಘವೊಂದು ತನ್ನ ಸದಸ್ಯರ ದೂರವಾಣಿ ಗುಂಪಿನಲ್ಲಿ ಪ್ರಶ್ನಾವಳಿಯನ್ನು ಹಂಚಿದರೆ, ಎರಡನೆಯ ವರ್ಗದವರಿಂದ ಬಹಳ ಉತ್ತರಗಳು ಬರುತ್ತವೆ, ಮೊದಲನೆಯವರಿಂದ ಕೆಲವು, ಮೂರನೆಯವರಿಂದ ಒಂದೂ ಬರುವುದಿಲ್ಲ. ಬಂದ ಅಂಕಿಗೆ ‘ಹೈದರಾಬಾದಿನ ಕನ್ನಡಿಗರು’ ಎಂಬ ಹೆಸರಿಟ್ಟರೆ ಅದು ಎರಡು ಕಡೆ ಅನ್ಯಾಯ: ಮಾದಾಪುರದ ತರುಣರಿಗೆ ಸಲ್ಲದ ಕಳಂಕ, ಕಳ್ಳಂಗಡಿಯ ಮುಂದೆ ನಿಂತ ಕೂಲಿಗೆ ಸಲ್ಲಬೇಕಾದ ಚಿಕಿತ್ಸೆಯ ಅಭಾವ.

ಆದ್ದರಿಂದ ಇಂಥ ಅಂಕಿಯೊಂದು ಕಣ್ಣಿಗೆ ಬಿದ್ದಾಗ ವಾಚಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಪ್ರಶ್ನಾವಳಿ ಯಾರಿಗೆ ತಲಪಿತು? ತಲಪಿದವರಲ್ಲಿ ಎಷ್ಟು ಮಂದಿ ಉತ್ತರಿಸಿದರು? ಉತ್ತರಿಸಿದವರಿಗೆ ಅಂಜಿಕೆಗೋ ಆಸೆಗೋ ಕಾರಣವಿತ್ತೇ? ಹುಸಿ ಉತ್ತರವನ್ನು ಹಿಡಿಯುವ ಏರ್ಪಾಡಿತ್ತೇ? ಪ್ರಶ್ನೆ ಯಾವ ಭಾಷೆಯಲ್ಲಿ, ಯಾವ ಪದದಲ್ಲಿತ್ತು? ಆಸ್ಪತ್ರೆಯ ದಾಖಲೆ, ಅಬಕಾರಿ ಲೆಕ್ಕ ಮುಂತಾದ ಬೇರೆ ಸಾಕ್ಷ್ಯದೊಡನೆ ಅಂಕಿ ಹೊಂದುತ್ತದೆಯೇ? ಇವಕ್ಕೆ ಉತ್ತರ ದೊರೆತರೆ ಅಂಕಿಯನ್ನು ಅದರ ಯೋಗ್ಯತೆಗೆ ತಕ್ಕಂತೆ ಸ್ವೀಕರಿಸಬಹುದು. ದೊರೆಯದಿದ್ದರೆ, ಅದು ಉತ್ತರಿಸಿದವರ ಮಾತು ಮಾತ್ರವೆಂದು ತಿಳಿದು, ಉತ್ತರಿಸದವರನ್ನು ಹುಡುಕಿಕೊಂಡು ಹೋಗುವ ಕೆಲಸ ಇನ್ನೂ ಬಾಕಿಯಿದೆಯೆಂದು ತಿಳಿಯಬೇಕು.